ಉಪ್ಪುಕೆರೆಗೆ ಬಂದವರು

ಮೊದಲನೆಯ ಮನುಷ್ಯ ತನ್ನ ಗುರುತು ಹಿಡಿಯದೆ ಹೋದದ್ದು ರೊವೀನಾಳಿಗೆ, ನಿಜ ಹೇಳಬೇಕೆಂದರೆ, ನೆಮ್ಮದಿಯನ್ನೇ ತಂದಿತ್ತು. ನಗರದಿಂದ ಕಾರು ಓಡಿಸಿಕೊಂಡು ಬರುವ ದಾರಿಯುದ್ದಕ್ಕೂ, ಕೊಯ್ಲಾದ ಗೋಧಿಯ ಹೊಲಗಳು ಎರಡೂ ಕಡೆ ಬೋಳಾಗಿ ಸರಿದುಹೋಗುತ್ತಿದ್ದಾಗ, ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಗುರುತು ಹಿಡಿಯುವವರಿಗಾಗಿಯೇ ಇದ್ದವು. ಹೌದು, ನಾನೇ. ಹೌದು, ಅದೇ ಕೆಲಸದಲ್ಲಿದ್ದೇನೆ. ಇಲ್ಲ, ಮದುವೆಯಾಗಿಲ್ಲ. ಕುಲ್ವಾದ ವಿಷಯದಲ್ಲಿ ನನಗೂ ಬೇಜಾರಿದೆ. ಈ ಕೊನೆಯ ಮಾತನ್ನು ಕಾರಿನೊಳಗೆ ಗಟ್ಟಿಯಾಗಿ ಹೇಳಿನೋಡಿದ್ದಳು. ಎಷ್ಟು ಬಗೆಯಲ್ಲಿ ಹೇಳಿದರೂ ಅದು ಬೇಜಾರಿಲ್ಲದವರ ಮಾತಿನಂತೆಯೇ ಕೇಳುತ್ತಿತ್ತು. ಈಗ ನೆವಿಲ್ ಟ್ರಾಂಟರ್ ಅವಳ ಮೇಜಿನ ಎದುರು ನಿಂತು, ಹ್ಯಾಟು ತೆಗೆದು, ಹಣೆಯ ಬೆವರು ಒರೆಸಿಕೊಂಡು, ಅವಳ ಮುಖವನ್ನು ನೇರವಾಗಿ ನೋಡಿ, ರೈಲಿನಲ್ಲಿ ಎದುರು ಸೀಟಿನವರಿಗೆ ನಗುವ ಹಾಗೆ ನಕ್ಕ. ಇದೇ ಯರಾಬಿನ್ ಊರಿನ ಮಾಂಸದಂಗಡಿ ಅವನದು. ಅವಳು ಚಿಕ್ಕವಳಿದ್ದಾಗ ಏವಿಸ್ ಚಿಕ್ಕಮ್ಮನ ಜೊತೆ ಅಂಗಡಿಗೆ ಹೋದರೆ, ಕೌಂಟರಿನ ಮೇಲಿಂದ ಬಗ್ಗಿ ಒಂದು ಚೂರು ಬೇಯಿಸಿದ ಮಾಂಸವನ್ನು ಅವಳ ಬಾಯಿಗೇ ಇಡುತ್ತಿದ್ದವನು ಅವನು.

"ಸಮೀಕ್ಷೆನಾ ಮೇಡಂ? ಕೇಳಿ, ಕೇಳಿ. ನಮಗೇನೂ ಅರ್ಜೆಂಟಿಲ್ಲ."

"ಎಲ್ಲಿಂದ ಬಂದಿದ್ದೀರಿ?"

ಅವನು ಸಮುದ್ರ ತೀರದ ಒಂದು ಊರಿನ ಹೆಸರು ಹೇಳಿದ. ಅದರ ಪಿನ್‌ಕೋಡನ್ನೂ ತಡವರಿಸದೆ ಹೇಳಿದ. ಅವನ ಅಂಗಡಿಯ ಗೋಡೆಯಲ್ಲಿ, ನೇತುಹಾಕಿದ ಕುರಿಗಳ ಹಿಂದೆ, ಸಮುದ್ರದೊಳಕ್ಕೆ ಚಾಚಿದ ಮರದ ಕಟ್ಟೆಯೊಂದರ ಚಿತ್ರವಿದ್ದದ್ದು ಅವಳಿಗೆ ನೆನಪಾಯಿತು. ವಯಸ್ಸಾಗಿದೆ ಪಾಪ, ಎಂದುಕೊಂಡಳು. ಅಂಗಡಿ ಮಾರಿ ಕಡಲ ದಂಡೆಗೆ ಹೋಗಿ ನೆಲೆಸಿರಬೇಕು, ತನ್ನನ್ನು ಮರೆತಿರಬೇಕು.

"ಈ ಊರಿಗೆ ಮೊದಲು ಬಂದಿದ್ರಾ?"

"ಇದೇ ಫಸ್ಟು. ನಕ್ಷೇಲಿ ಹುಡುಕಬೇಕಾಯ್ತು."

"ಇಲ್ಲಿ ಏನೇನಕ್ಕೆ ಖರ್ಚು ಮಾಡಿದಿರಿ?"

"ಕ್ಯಾರವಾನ್ ಪಾರ್ಕಿನ ಬಾಡಿಗೆ, ಪೆಟ್ರೋಲು. ಆಮೇಲೆ ಇಲ್ಲೊಂದು ಮಾಂಸದಂಗಡಿ ಇದೆ ನೋಡಿ, ಅಲ್ಲಿ ಸಾಸೇಜು ತಗೊಂಡ್ವಿ. ಆಹಾ! ಅಂಥದ್ದು ನಮ್ಮ ಕಡೆ ಸಿಗಲ್ಲ. ಅದನ್ನ ಬರ್ಕೊಳಿ, ಬಿಡ್ಬೇಡಿ. ಅಂಗಡಿಯವನು ಮಾತ್ರ ಸ್ವಲ್ಪ ಬಾಯಿಬಡುಕ."

ಅವನು ಹ್ಯಾಟು ಹಾಕಿಕೊಂಡು ಹೊರಟಾಗಲೇ ಅವಳಿಗೆ ಅವನ ಬೆರಳುಗಳು ಕಂಡದ್ದು. ಉಗುರಿನ ಸಂದಿಯಲ್ಲಿ ಇವತ್ತಿನ ಬೆಳಿಗ್ಗೆಯ ರಕ್ತವಿತ್ತು.

ಅವಳ ಮೇಜನ್ನು ಇಟ್ಟಿದ್ದದ್ದು ಊರಿಗೆ ಎದುರಾದ ಕೆರೆಯ ದಂಡೆಯಲ್ಲಿ, ಹೆದ್ದಾರಿಯಿಂದ ಬಂದವರು ಕಾರು ನಿಲ್ಲಿಸಿ ಇಳಿಯುವ ಗೇಟಿನ ಪಕ್ಕ, ಒಂದು ಟಾರ್ಪಾಲಿನ ನೆರಳಿನಲ್ಲಿ. ಕೆರೆಯೆಂದರೆ ನೀರಿನ ಕೆರೆಯಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ನಸುಗೆಂಪು ಕೆಸರು, ಅದರ ಮೇಲೆ ಬಿಳಿ ಉಪ್ಪಿನ ಹಪ್ಪಳ. ಆಚೆ ತುದಿಯಲ್ಲಿ ಊರಿನ ಗೋಧಿ ಸೈಲೋಗಳು, ಆ ಎತ್ತರದ ಕಣಜಗಳು, ಬಿಸಿಲುಗುದುರೆಯಲ್ಲಿ ಬುಡ ಕಳೆದುಕೊಂಡು ತೇಲುತ್ತಿದ್ದವು. ಉಪ್ಪು ತುಂಬಿದ ಚೀಲವನ್ನು ಹೆಗಲ ಮೇಲೆ ಹೊತ್ತು ಈ ದಂಡೆಯಿಂದ ಆ ದಂಡೆಗೆ ಓಡುವುದು ಯರಾಬಿನ್ನಿನ ವರ್ಷದ ಆಟ. ಹಿಂದೆ ಉಪ್ಪು ಕೆರೆಯುವ ಕೂಲಿಯವರು ಪಂದ್ಯ ಕಟ್ಟಿ ಓಡುತ್ತಿದ್ದರಂತೆ. ಈಗ ಪಾನಗೃಹ, ಬೇಕರಿ, ಪ್ರವಾಸಿಗಳ ಗಾಡಿಮನೆಗಳು ತಂಗುವ ಕ್ಯಾರವಾನ್ ಪಾರ್ಕು ಎಲ್ಲವೂ ಈ ಒಂದು ದಿನದಲ್ಲಿ ಬಂದದ್ದರ ಮೇಲೆ ವರ್ಷವಿಡೀ ಉಸಿರಾಡುತ್ತವೆ. ಹೊರಗಿನಿಂದ ಎಷ್ಟು ಜನ ಬಂದರು, ಎಷ್ಟು ಹೊಸ ಹಣ ತಂದರು ಎಂದು ಅವಳು ಅಳೆದು ಹೇಳಬೇಕು. ಸಾಲದು ಎಂದು ಅವಳ ವರದಿ ಹೇಳಿದರೆ ಸರಕಾರದ ಅನುದಾನ ನಿಲ್ಲುತ್ತದೆ. ಅನುದಾನ ನಿಂತರೆ ಓಟ ನಿಲ್ಲುತ್ತದೆ. ಆಮೇಲೆ ಏನೇನು ನಿಲ್ಲುತ್ತದೆ ಎಂಬುದನ್ನು ಪಕ್ಕದ ಊರು ಕುಲ್ವಾಗೆ ಹೋಗಿ ನೋಡಬಹುದು. ಇದು ತಾನು ಬೆಳೆದ ಊರು ಎಂದು ಅವಳು ಮೇಲಧಿಕಾರಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು. ಬೇರೆಯವರು ಬರಬೇಕೆಂದು ಅವಳಿಗೆ ಆಸೆಯಿತ್ತು, ಮತ್ತು ಬರಬಾರದೆಂದೂ ಇತ್ತು.

ಎರಡನೆಯವಳು ಅಂಚೆ ಕಚೇರಿಯ ಹೆಂಗಸು. ಅವಳೂ ಗುರುತು ಹಿಡಿಯಲಿಲ್ಲ. ಉತ್ತರದ ಬೆಟ್ಟಗಳ ಕಡೆಯವಳಂತೆ, ಚೆರಿ ತೋಟವಿದೆಯಂತೆ. ಮೂರನೆಯವನು ಶಾಲೆಯ ಬಸ್ಸು ಓಡಿಸುವವನು, ಅವನಿಗೆ ಮೀನುದೋಣಿಯಿದೆಯಂತೆ. ರೊವೀನಾ ಟ್ಯಾಬಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಕೂದಲು ಕತ್ತರಿಸಿಕೊಂಡದ್ದು ನಿಜ, ಆದರೆ ಇಷ್ಟೇನೂ ಅಲ್ಲ.  ಶಾಲೆಯಲ್ಲಿ ಎಲ್ಲರ ಹೆಸರನ್ನೂ ಕೂಗಿ ತಂಡಗಳಿಗೆ ಹಂಚಿದ ಮೇಲೆ ಮೈದಾನದ ನಡುವೆ ಒಬ್ಬಳೇ ಉಳಿದು ನಿಂತಾಗ ಆಗಿದ್ದ ಅವಮಾನವೇ ಈಗ ಮರಳಿ ಬಂದಿತ್ತು. ಒಂದು ಊರಿಗೆ ಊರೇ ಒಬ್ಬಳನ್ನು ಮರೆಯಲು ಎಷ್ಟು ವರ್ಷ ಬೇಕು? ಅದಕ್ಕೂ ಒಂದು ಸೂತ್ರವಿದ್ದೀತು.

ಆಗ ಪ್ರಾಸರ್ ದಂಪತಿಗಳು ಬಂದರು. ಗಂಡ ಹೆಂಡತಿ ಇಬ್ಬರೂ ಕೈ ಹಿಡಿದುಕೊಂಡು, ಹೊಸ ಬಟ್ಟೆ ಹಾಕಿಕೊಂಡು, ಎಂದೂ ನೋಡಿರದ ಜಾಗವನ್ನು ನೋಡುವವರ ಹಾಗೆ ಸುತ್ತ ನೋಡುತ್ತ. ಅವರ ಮಗಳು ಲಿನೆಟ್ ರೊವೀನಾಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು. ಶಾಲೆ ಮುಗಿದ ವರ್ಷ, ಗೋಧಿಯ ಗಾಡಿ ಹಾದುಹೋಗುವ ರೈಲು ಹಳಿಯ ಮೇಲೆ, ಮಂಜಿನಲ್ಲಿ, ಕಾರಿನೊಳಗೇ ಹೋಗಿಬಿಟ್ಟಿದ್ದಳು. ಅವಳ ಶವಪೆಟ್ಟಿಗೆಯ ಮೇಲೆ ಹಾಕಿದ ಮಣ್ಣಿನಲ್ಲಿ ಉಪ್ಪಿನ ಹರಳುಗಳು ಮಿನುಗಿದ್ದನ್ನು ರೊವೀನಾ ಮರೆತಿಲ್ಲ.

"ನಿಮ್ಮ ಜೊತೆ ಎಷ್ಟು ಜನ ಬಂದಿದೀರಿ?"

"ಮೂರು ಜನ," ಎಂದಳು ಮಿಸೆಸ್ ಪ್ರಾಸರ್.

ರೊವೀನಾಳ ಬೆರಳು ಗಾಜಿನ ಮೇಲೆ ನಿಂತಿತು.

"ಮಗಳು ಕಾರಲ್ಲೇ ಕೂತಿದಾಳೆ. ಬಿಸಿಲು ಆಗಲ್ಲ ಅವಳಿಗೆ," ಎಂದ ಪ್ರಾಸರ್. "ಬಾರೇ ಅಂದ್ರೆ ನೀವು ಹೋಗಿ ಬನ್ನಿ ಅಂದ್ಲು."

"ಮೊಬೈಲ್ ಹಿಡ್ಕೊಂಡ್ರೆ ಮುಗೀತು," ಎಂದು ಹೆಂಡತಿ ನಕ್ಕಳು. "ಈ ಕಾಲದವರು."

ಗೇಟಿನಾಚೆ ಅವರ ಹಳೆಯ ನೀಲಿ ಕಾರು ನಿಂತಿತ್ತು. ಮುಂದಿನ ಗಾಜಿನ ಮೇಲೆ ಸೂರ್ಯ ಬಿದ್ದು ಒಳಗೇನೂ ಕಾಣುತ್ತಿರಲಿಲ್ಲ. ಆದರೆ ಹಿಂದಿನ ಕಿಟಕಿಯನ್ನು ಗಾಳಿಗಾಗಿ ಸ್ವಲ್ಪವೇ ಇಳಿಸಿದ್ದರು, ಒಳಗೆ ಯಾರನ್ನೋ ಬಿಟ್ಟುಬಂದವರು ಇಳಿಸುವಷ್ಟು. ರೊವೀನಾ ಮೂರು ಎಂದು ಒತ್ತಿದಳು.  ಹೆಂಗಸು ಅವಳನ್ನೇ ನೋಡುತ್ತಿದ್ದಳು, ಬಹಳ ಹೊತ್ತು, ಅವಳ ವಯಸ್ಸನ್ನು ಯಾರದೋ ವಯಸ್ಸಿನ ಜೊತೆ ಹೊಂದಿಸಿ ನೋಡುವ ಹಾಗೆ. ಆಮೇಲೆ "ಥ್ಯಾಂಕ್ಸ್ ಮೇಡಂ" ಎಂದಳು.

ಅವರು ತಿರುಗಿ ಹೋಗುವಾಗ ರೊವೀನಾ ಅವರ ಬೂಟುಗಳನ್ನು ನೋಡಿದಳು. ಹಿಮ್ಮಡಿಯವರೆಗೂ ನಸುಗೆಂಪು ಕೆಸರು. ಈ ಕೆರೆಯ ಮೇಲೆ ನಡೆಯುವುದು ಯರಾಬಿನ್ನಿನವರಿಗೆ ಯಾರೂ ಕಲಿಸುವುದಿಲ್ಲ. ಹಪ್ಪಳ ಎಲ್ಲಿ ಗಟ್ಟಿ, ಎಲ್ಲಿ ಬರೀ ತೋರಿಕೆ ಎಂಬುದು ಅವರ ಪಾದಕ್ಕೆ ಗೊತ್ತು. ಮಕ್ಕಳು ಮುದುಕರು ಯಾರೇ ಆಗಲಿ ಈ ದಂಡೆಯಿಂದ ಆ ದಂಡೆಗೆ ಹೋದರೂ ಬೂಟಿನ ಮೇಲೆ ಬಿಳಿ ಪುಡಿಯಷ್ಟೇ ಇರುತ್ತದೆ. ಕೆಸರಿನಲ್ಲಿ ಇಳಿಯುವವರು ಹೊರಗಿನವರು. ದೂರದಿಂದ ಬೂಟು ನೋಡಿಯೇ ಮಕ್ಕಳು ನಗುತ್ತಿದ್ದರು. ರೊವೀನಾ ಎದ್ದು ನಿಂತಳು. ಟೀ ಬೂತಿನ ಮುಂದೆ, ಬೇಕರಿಯವರು ಪೈ ಮಾರುತ್ತಿದ್ದ ಮೇಜಿನ ಮುಂದೆ, ಓಟದ ಗೆರೆಯ ಹತ್ತಿರ, ಎಲ್ಲರ ಕಾಲಲ್ಲೂ ಕೆಸರು. ನೆವಿಲ್ ಟ್ರಾಂಟರನ ಕಾಲಲ್ಲಿ, ಅಂಚೆಯವಳ ಕಾಲಲ್ಲಿ. ತಪ್ಪಿ ಇಳಿದ ಕೆಸರಲ್ಲ ಅದು. ಸಮನಾಗಿ, ಅಚ್ಚುಕಟ್ಟಾಗಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡದ್ದು. ಮಬ್ಬುಗಣ್ಣಿನವಳಿಗೆ ಕನ್ನಡಕ ಹಾಕಿದಂತೆ ಎಲ್ಲವೂ ಒಮ್ಮೆಗೇ ಕಂಡಿತು. ಬೆಳಿಗ್ಗೆಯಿಂದ ಒಬ್ಬರೂ ಮತ್ತೊಬ್ಬರನ್ನು ಹೆಸರು ಹಿಡಿದು ಕರೆದಿರಲಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಅಡ್ಡಹೆಸರು ಕೂಗಿ ಕೂಗಿ ಗಂಟಲು ಕಟ್ಟಿಕೊಳ್ಳುವ ಜನ, ಗೆದ್ದವನಿಗೆ ನಾಟಕ ನೋಡಲು ಬಂದವರಂತೆ ಹಿತಮಿತವಾಗಿ ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಮನೆಯಲ್ಲಿ ಐವತ್ತು ವರ್ಷ ಬಾಳಿದ ಮುದುಕಿಯರಿಬ್ಬರು, ಅಕ್ಕತಂಗಿಯರು, ಟೀ ಸಾಲಿನಲ್ಲಿ ನಿಂತು ಮಾತಾಡುತ್ತಿದ್ದರು.

"ನೀವು ಯಾವ ಕಡೆಯವರು?"

"ನಮ್ದು ದಕ್ಷಿಣದ ದ್ವೀಪ. ನೀವು?"

"ಅಯ್ಯೋ ಅಷ್ಟು ದೂರದಿಂದ ಬಂದ್ರಾ! ಒಬ್ಬರೇನಾ?"

"ಒಬ್ಬಳೇ. ಮೊದಲಿಂದಲೂ ಒಬ್ಬಳೇ."

ಅವಳಿಗೆ ಕುಲ್ವಾದ ಆ ಸಭೆ ನೆನಪಾಯಿತು. ಈಗ ನಿಂತುಹೋಗಿರುವ ಅಲ್ಲಿನ ನೆಟ್‌ಬಾಲ್ ಪಂದ್ಯಾವಳಿಯನ್ನು ಅಳೆದವಳೂ ಅವಳೇ. ವರದಿ ಓದಲು ಹೋದಾಗ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಯರಾಬಿನ್ನಿನವರೂ ಕೂತಿದ್ದರು. ಮೂಲೆಯಲ್ಲಿ ಚಿಕ್ಕಮ್ಮ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೆಮ್ಮೆಯಿಂದ. ಒಬ್ಬ ರೈತ ಎದ್ದು ಕೇಳಿದ್ದ: ಸಾವಿರಾರು ಜನ ಇದ್ವಲ್ಲ, ನಿಮ್ಮ ವರದೀಲಿ ಇಷ್ಟೇ ಯಾಕೆ? ಅವಳು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದ್ದಳು. ಊರಿನವರು ಇಲ್ಲಿ ಖರ್ಚು ಮಾಡುವ ಹಣ ಹೊಸ ಹಣವಲ್ಲ, ಹೇಗೂ ಇಲ್ಲೇ ಖರ್ಚಾಗುತ್ತಿತ್ತು. ಆದ್ದರಿಂದ ಊರಿನವರು ಲೆಕ್ಕಕ್ಕಿಲ್ಲ. ಕೊನೆಯ ಮೂರು ಪದಗಳನ್ನು ಹೇಳುವಾಗ ತನ್ನ ದನಿ ಎಷ್ಟು ಸ್ಪಷ್ಟವಾಗಿತ್ತು ಎಂಬುದು ಅವಳಿಗೆ ಈಗಲೂ ಕೇಳುತ್ತದೆ. ಸಭೆಯಲ್ಲಿ ಯಾರೂ ಸಿಟ್ಟಾಗಲಿಲ್ಲ. ಅದೇ ಅವಳಿಗೆ ಆಮೇಲೆ ಹೆದರಿಕೆ ಹುಟ್ಟಿಸಿದ್ದು. ಅವರೆಲ್ಲ ಸುಮ್ಮನೆ ಒಬ್ಬರನ್ನೊಬ್ಬರು ನೋಡಿಕೊಂಡರು, ವೈದ್ಯರು ಹೇಳಿದ ಪಥ್ಯವನ್ನು ಮನಸ್ಸಿನಲ್ಲಿ ಬರೆದುಕೊಳ್ಳುವ ಹಾಗೆ.

ಮೈಕಿನಲ್ಲಿ ಕ್ಲಾರೆನ್ಸ್ ಹಿಸ್ಲಪ್ಪನ ದನಿ: ದೂರದೂರಿನಿಂದ ಬಂದ ನಮ್ಮ ಅತಿಥಿಗಳಿಗೆಲ್ಲ ಸ್ವಾಗತ. ಓಟವನ್ನು ನಡೆಸುವವನು ಅವನು. ಅವಳಿಗೆ ಗಣಿತ ಕಲಿಸಿದ ಮೇಷ್ಟ್ರು. ಊರಿನವನಾಗಿ ಉಳಿದಿರುವವನು ಅವನೊಬ್ಬನೇ. ಸ್ವಾಗತ ಕೋರಲು ಒಬ್ಬನಾದರೂ ಬೇಕಲ್ಲ. ಅವನು ಮೈಕು ಕೆಳಗಿಟ್ಟು ನೀರು ಕುಡಿಯುತ್ತಿದ್ದಾಗ ಅವಳು ಹತ್ತಿರ ಹೋದಳು.

"ಸರ್, ಊರಿನವರು ಯಾರೂ ಕಾಣ್ತಿಲ್ಲ."

"ಊರಿನವರಾ?" ಅವನು ಕೆರೆಯ ಆಚೆ, ತೇಲುವ ಸೈಲೋಗಳ ಕಡೆ ನೋಡಿದ. "ಎಲ್ಲೋ ಹೋಗಿದಾರೆ ಅಂತ ಕಾಣುತ್ತೆ ಮೇಡಂ. ಯಾಕೆ, ಬೇಕಿತ್ತಾ?"

"ಸರ್, ನನ್ನನ್ನ ಮೇಡಂ ಅನ್ಬೇಡಿ. ನಾನು..."

"ಲೆಕ್ಕಕ್ಕಿಲ್ಲದವರು ಇದ್ದರೆಷ್ಟು, ಹೋದರೆಷ್ಟು," ಎಂದ ಹಿಸ್ಲಪ್, ತುಂಬ ಮೃದುವಾಗಿ, ಹುಡುಗಿಯೊಬ್ಬಳ ಲೆಕ್ಕವನ್ನು ಸರಿ ಎಂದು ಗುರುತು ಹಾಕುವ ಹಾಗೆ. "ಬಂದವರನ್ನ ಎಣಿಸಿ. ಬಂದವರು ತುಂಬ ಜನ ಇದಾರೆ. ಸುಳ್ಳು ಹೇಳ್ತಿಲ್ಲ ಯಾರೂ. ಕೇಳಿ ನೋಡಿ, ಒಬ್ಬೊಬ್ಬರಿಗೂ ಅವರ ಬೀದಿ ಗೊತ್ತು, ಮನೆ ಗೊತ್ತು. ಬೆಳಿಗ್ಗೆ ಎದ್ದರೆ ಕಿಟಕೀಲಿ ಏನು ಕಾಣುತ್ತೆ ಅಂತ ಕೂಡ ಹೇಳ್ತಾರೆ."

"ಇವತ್ತು ಸಂಜೆ ಆದ್ಮೇಲೆ?"

ಹಿಸ್ಲಪ್ ಮೈಕನ್ನು ಎತ್ತಿಕೊಂಡು ಉಫ್ ಎಂದು ಊದಿದ. ಆ ಉಸಿರು ಇಡೀ ಕೆರೆಯ ಮೇಲೆ ಹಾದುಹೋಯಿತು.

ಪ್ರತಿ ಸಂದರ್ಶನದ ಮೊದಲ ಪುಟದಲ್ಲಿ ಒಂದು ಗುಂಡಿಯಿದೆ: ಊರಿನವರು. ಅದನ್ನು ಒತ್ತಿದರೆ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ, ಮನುಷ್ಯ ಇದ್ದಲ್ಲೇ ಅಳಿಸಿಹೋಗುತ್ತಾನೆ. ಪ್ರಾಮಾಣಿಕಳಾದವಳು ಒತ್ತಬೇಕಾದದ್ದು ಅದನ್ನೇ. ಪ್ರಾಮಾಣಿಕತೆ ಅವಳಿಗಿದ್ದ ಒಂದೇ ಒಳ್ಳೆಯ ಬಟ್ಟೆ. ಕುಲ್ವಾಗೆ ಅದನ್ನೇ ಉಟ್ಟು ಹೋಗಿದ್ದಳು. ಊಟದ ವಿರಾಮ ಎಂದು ಬೋರ್ಡು ಇಟ್ಟು ಅವಳು ಕೆರೆಯ ಅಂಚು ಹಿಡಿದು ಊರಿನ ಕಡೆ ನಡೆದಳು. ಚಿಕ್ಕಮ್ಮ ಬೆಳಿಗ್ಗೆಯಿಂದ ಕಂಡಿರಲಿಲ್ಲ. ಚಿಕ್ಕಮ್ಮ ಈ ಆಟಕ್ಕೆ ಸೇರಿರಲಾರಳು. ತಾಯಿ ಹೋದ ಮೇಲೆ ತನ್ನನ್ನು ಸಾಕಿದವಳು. ತಾನು ಕದ ತಟ್ಟಿದರೆ "ರೋ, ಬೂಟು ಹೊರಗೆ ಬಿಡು" ಎಂದು ಒಳಗಿಂದಲೇ ಕೂಗುವವಳು. ಜಗತ್ತಿನಲ್ಲಿ ಅವಳನ್ನು ರೋ ಎಂದು ಕರೆಯುವ ಬಾಯಿ ಅದೊಂದೇ. ಅದನ್ನು ಒಮ್ಮೆ ಕೇಳಿಸಿಕೊಂಡರೆ ಸಾಕು, ಮಿಕ್ಕದ್ದನ್ನು ಹೇಗಾದರೂ ನಿಭಾಯಿಸಬಹುದು ಎನ್ನಿಸಿತು. ಬೀದಿಯಲ್ಲಿ ಎಲ್ಲ ಮನೆಗಳ ಪರದೆಗಳೂ ಇಳಿದಿದ್ದವು. ಅಂಗಳಗಳಲ್ಲಿ ಕಾರಿಲ್ಲ, ಒಣಹಾಕಿದ ಬಟ್ಟೆಯಿಲ್ಲ, ನಾಯಿಗಳೂ ಇಲ್ಲ. ನಾಯಿಗಳನ್ನು ಎಲ್ಲಿಗೆ ಕಳಿಸಿದರು? ಚಿಕ್ಕಮ್ಮನ ಮೆಟ್ಟಿಲ ಮೇಲೆ ಚಪ್ಪಲಿಯಿರಲಿಲ್ಲ. ಜೆರೇನಿಯಂ ಕುಂಡದ ಕೆಳಗೆ ಬೀಗದ ಕೈ ಇರಲಿಲ್ಲ. "ಆಂಟಿ" ಎಂದು ಕರೆದಳು. ಮನೆ ಆ ಶಬ್ದವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಿತ್ತಿಲ ನಿಂಬೆಗಿಡದ ಕೆಳಗೆ ಹಣ್ಣುಗಳು ಬಿದ್ದು ಕೊಳೆಯುತ್ತಿದ್ದವು, ಬಹಳ ಕಾಲದಿಂದ ಯಾರೂ ವಾಸವಿಲ್ಲದ ಮನೆಯಲ್ಲಿ ಬೀಳುವ ಹಾಗೆ.

ಲೆಸ್ ಚಿಕ್ಕಪ್ಪನ ಮಣ್ಣಿನ ದಿನ ಇದೇ ಹಿತ್ತಿಲಲ್ಲಿ ರೊವೀನಾ ಹೇಳಿದ್ದಳು: ನನ್ನ ಜೊತೆ ಬಂದುಬಿಡು ಆಂಟಿ, ಒಂದು ಕೋಣೆ ಖಾಲಿಯೇ ಇದೆ. ಆ ಕ್ಷಣಕ್ಕೆ ಅದು ನಿಜವಾಗಿತ್ತು. ಚಿಕ್ಕಮ್ಮ ಮೂಗು ಒರೆಸಿಕೊಂಡು, "ಬೇರೆ ಯಾರಿಗೂ ಕೊಡಬೇಡ ಮತ್ತೆ" ಎಂದಿದ್ದಳು. ಒಂದು ತಿಂಗಳ ಮೇಲೆ ಫೋನು ಮಾಡಿ ಕಿಟಕಿಯ ಅಳತೆ ಕೇಳಿದಳು. ಪರದೆ ಹೊಲಿಯಬೇಕು, ನನ್ನ ಹತ್ತಿರ ಒಳ್ಳೆ ಬಟ್ಟೆಯಿದೆ, ಉದ್ದ ಎಷ್ಟು, ಅಗಲ ಎಷ್ಟು? ಅಳೆದು ಹೇಳ್ತೀನಿ ಎಂದಳು ರೊವೀನಾ. ಜಾತ್ರೆ, ಪಂದ್ಯ, ಮೇಳ, ಯಾವ ಊರಿನಲ್ಲಿ ಏನು ನಡೆದರೂ ಹೋಗಿ ಅಳೆಯುವವಳು ಆ ಒಂದು ಕಿಟಕಿಯನ್ನು ಅಳೆಯಲಿಲ್ಲ. ಕೋಣೆಯೊಳಗೆ ವ್ಯಾಯಾಮದ ಸೈಕಲ್ ಬಂತು, ಇಸ್ತ್ರಿಯ ಮೇಜು ಬಂತು, ಬಿಚ್ಚದ ಪೆಟ್ಟಿಗೆಗಳು ಬಂದವು. ಚಿಕ್ಕಮ್ಮ ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ರೊವೀನಾ ಮನಸ್ಸಿನಲ್ಲೇ ಉಪಕಾರ ನೆನೆದಿದ್ದಳು.

ಹಿಂದಿರುಗುವಾಗ ಹೊತ್ತಾಯಿತೆಂದು ಕೆರೆಯನ್ನು ಅಡ್ಡ ಹಾಯ್ದಳು. ನಾಲ್ಕು ಹೆಜ್ಜೆಗೇ ಹಪ್ಪಳ ಒಡೆದು ಎಡಗಾಲು ಒಳಗಿಳಿಯಿತು. ಎಳೆದುಕೊಂಡು ಬಲಗಾಲಿಟ್ಟಳು, ಅದೂ ಇಳಿಯಿತು. ಪಾದ ನೆನಪಿಟ್ಟುಕೊಂಡಿರುತ್ತದೆ ಎಂದುಕೊಂಡಿದ್ದಳು. ಪಾದಕ್ಕೆ ಏನೂ ನೆನಪಿರಲಿಲ್ಲ. ಒದ್ದೆ ಉಪ್ಪಿನ ವಾಸನೆ ಮೂಗಿಗೆ ಬಡಿಯಿತು, ಹಳೆಯ ಪಾತ್ರೆ ತೊಳೆದ ನೀರಿನಂಥದ್ದು. ದಂಡೆಯ ಮೇಲೆ ನಿಂತವರೆಲ್ಲ ಮಾತು ನಿಲ್ಲಿಸಿ ಅವಳು ಬರುವುದನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ. ಇಷ್ಟು ಜನರ ನಡುವೆ ನಿಜವಾಗಿ ಕೆಸರಾದ ಬೂಟು ತನ್ನದೊಂದೇ ಎಂದು ಅವಳಿಗೆ ಹೊಳೆದದ್ದು ಮೇಜು ತಲುಪಿ ಕುಳಿತ ಮೇಲೆ.

ಕುಳಿತು ತಲೆಯೆತ್ತಿದರೆ ಎದುರಿಗೆ ಚಿಕ್ಕಮ್ಮ.

ಬೂದು ಬಣ್ಣದ ಕೋಟು. ಚರ್ಚಿಗೆ ಮಾತ್ರ ಹಾಕುವಂಥದ್ದು. ಕೈಚೀಲ. ಬೂಟಿನ ಮೇಲೆ ಅಚ್ಚುಕಟ್ಟಾಗಿ ಬಳಿದ ಕೆಸರು.

"ಕೂತ್ಕೋಬಹುದಾ? ಮಂಡಿ ನೋವು ನನಗೆ."

"ಕೂತ್ಕೊಳಿ," ಎಂದಳು ರೊವೀನಾ. ಆ ಬಹುವಚನ ತನ್ನ ಬಾಯಿಂದ ತಾನಾಗಿಯೇ ಹೊರಬಂದದ್ದು ಕೇಳಿ ಅವಳಿಗೆ ದಿಗಿಲಾಯಿತು. "ಎಲ್ಲಿಂದ ಬಂದಿದ್ದೀರಿ?"

ಚಿಕ್ಕಮ್ಮ ಪಿನ್‌ಕೋಡ್ ಹೇಳಿದಳು. ರೊವೀನಾ ಅದನ್ನು ಒತ್ತಿದಳು. ಬೆರಳಿಗೆ ಅಭ್ಯಾಸವಾಗಿದ್ದ ಅಂಕಿಗಳು. ಅದು ಅವಳ ಸ್ವಂತ ಮನೆಯ ಪಿನ್‌ಕೋಡು.

"ಅಲ್ಲಿ... ಒಬ್ಬರೇ ಇರೋದಾ?" ಇದು ಸಮೀಕ್ಷೆಯ ಪ್ರಶ್ನೆಯಲ್ಲ.

"ಇಲ್ಲಪ್ಪ. ಅಕ್ಕನ ಮಗಳ ಜೊತೆ. ನಮ್ಮೆಜಮಾನ್ರು ತೀರ್ಕೊಂಡ ವಾರಾನೇ ಬಂದು ಕರ್ಕೊಂಡು ಹೋದ್ಲು. ಬೇಡ ಕಣೇ ಅಂದೆ, ಬಿಡ್ಲಿಲ್ಲ. ಭಾರೀ ಹಟದವಳು."

"ಚೆನ್ನಾಗಿ ನೋಡ್ಕೋತಾಳಾ?"

"ಒಳ್ಳೇ ಹುಡುಗಿ. ಮನೇಲಿರೋದು ಕಮ್ಮಿ ಅಷ್ಟೆ. ಊರೂರು ತಿರುಗಿ ಏನೋ ಅಳೀತಾಳೆ." ಚಿಕ್ಕಮ್ಮ ಕೈಚೀಲದ ಹಿಡಿಯನ್ನು ಸವರಿದಳು. "ಸಂಜೆ ಬಂದ್ರೆ ಹತ್ರ ಬೀಗದ ಕೈ ಇದ್ರೂ ಬೆಲ್ ಹೊಡೀತಾಳೆ, ಸೋಮಾರಿ. ನಾನು ಈ ಮಂಡಿ ಎತ್ಕೊಂಡು ಹಿಂದಿನ ಕೋಣೆಯಿಂದ ಬರಬೇಕು. ಬೂಟು ಮಾತ್ರ ಹೊರಗೆ ಬಿಡೋದು ಕಲಿಸಿದೀನಿ."

"ಕೋಣೆ ಹೇಗಿದೆ?"

"ಪೂರ್ವಕ್ಕೆ ಕಿಟಕಿ. ಬೆಳಿಗ್ಗೆ ಒಳ್ಳೆ ಬಿಸಿಲು. ಎದುರಿಗೆ ಯಾರದೋ ಗ್ಯಾರೇಜಿನ ತಗಡು, ಮಳೆ ಬಂದ್ರೆ ಗಲಾಟೆ. ಪರದೆ ನಾನೇ ಹೊಲಿದೆ. ಸ್ವಲ್ಪ ಗಿಡ್ಡ ಆಯ್ತು." ಅವಳು ನಕ್ಕಳು. "ಅಳತೆ ಸಿಕ್ಕಿರಲಿಲ್ಲ ನೋಡಿ."

ಕಿಟಕಿ ಪೂರ್ವಕ್ಕೇ ಇತ್ತು. ಎದುರಿಗೆ ತಗಡಿನ ಗ್ಯಾರೇಜೂ ಇತ್ತು. ಅದನ್ನು ತಾನು ಯಾವಾಗಲಾದರೂ ಹೇಳಿದ್ದೆನೇ? ಚಿಕ್ಕಮ್ಮ ಒಮ್ಮೆಯೂ ಆ ಮನೆಗೆ ಬಂದವಳಲ್ಲ. ರೊವೀನಾ ಮೇಜಿನ ಮೇಲೆ ಬಗ್ಗಿದಳು. 

"ಆಂಟಿ," ಎಂದಳು ಮೆಲ್ಲಗೆ. "ಆಂಟಿ, ನಾನು."

ಗಾಳಿ ನಿಂತಿತ್ತು. ಚಿಕ್ಕಮ್ಮನ ಹಿಂದೆ ಸಾಲಿನಲ್ಲಿದ್ದವರು ಯಾರೂ ಅಲುಗಲಿಲ್ಲ. ನೆವಿಲ್, ಪ್ರಾಸರ್ ದಂಪತಿಗಳು, ಮುದುಕಿಯರು, ಎಲ್ಲರೂ ಸಾಲಿನ ಪಕ್ಕ ನಿಂತು, ಬೇರೆಯವರ ಮನೆಯ ಜಗಳ ಕಿವಿಗೆ ಬಿದ್ದವರಂತೆ ದೂರ ಎಲ್ಲೋ ನೋಡುತ್ತಿದ್ದರು. ಒಂದೇ ಒಂದು ಮಾತು. ಚಿಕ್ಕಮ್ಮ ರೋ ಎಂದರೆ ಸಾಕು, ತಾನೇ ಊರಿನವಳಾಗುತ್ತಾಳೆ. ಅವಳು ಊರಿನವಳಾದರೆ ಹಿಂದಿರುವವರೆಲ್ಲ ಊರಿನವರಾಗುತ್ತಾರೆ. ಕೆರೆಯ ಮೇಲೆ ಯಾರೂ ಬಂದಿಲ್ಲದಂತಾಗುತ್ತದೆ. ಚಿಕ್ಕಮ್ಮ ಅವಳ ಮುಖವನ್ನು ನೋಡಿದಳು. ಆ ನೋಟ ಮುಖದಿಂದ ಇಳಿದು ಕುತ್ತಿಗೆಗೆ, ಕೈಗಳಿಗೆ, ಮೇಜಿನ ಕೆಳಗೆ ಕೆಸರಾದ ಬೂಟುಗಳಿಗೆ ಹೋಯಿತು. ತುಟಿ ಸ್ವಲ್ಪ ಬಿಚ್ಚಿತು.

"ವಯಸ್ಸಾದೋರನ್ನ ಎಲ್ಲರೂ ಹಾಗೇ ಕರೀತಾರಪ್ಪ. ಪರವಾಗಿಲ್ಲ," ಎಂದಳು. "ಮುಂದಿನ ಪ್ರಶ್ನೆ ಕೇಳಿ. ಹಿಂದೆ ಜನ ಕಾಯ್ತಿದಾರೆ."

ಟ್ಯಾಬಿನ ಗಾಜಿನ ಮೇಲೆ ಕೊನೆಯ ಪ್ರಶ್ನೆ ಬೆಳಗುತ್ತಿತ್ತು. ಹೌದು ಎಂದರೆ ಅವರನ್ನು ಲೆಕ್ಕದಿಂದ ತೆಗೆಯಬೇಕು. ಇಲ್ಲ ಎಂದರೆ ಮಾತ್ರ ಅವರು ನಿಜವಾದ ಅತಿಥಿಗಳು. ಇದನ್ನು ಬರೆದವಳು ಅವಳೇ.

"ಈ ಓಟ ಇಲ್ಲದೇ ಇದ್ದಿದ್ರೆ... ನೀವು ಈ ಊರಿಗೆ ಬರ್ತಿದ್ರಾ?"

ಚಿಕ್ಕಮ್ಮ ತಲೆ ತಿರುಗಿಸಿ ಕೆರೆಯ ಆಚೆಗೆ, ಇಳಿದ ಪರದೆಗಳ ಬೀದಿಯ ಕಡೆಗೆ ನೋಡಿದಳು, ಬಸ್ಸಿನ ಕಿಟಕಿಯಿಂದ ನೋಡುವವಳ ಹಾಗೆ.

"ಇಲ್ಲ," ಎಂದಳು. "ಇಲ್ಲಿ ನನಗೆ ಯಾರಿದಾರೆ?"

ರೊವೀನಾ 'ಇಲ್ಲ' ಎಂಬುದನ್ನು ಒತ್ತಿದಳು.

ಮಿಕ್ಕವರನ್ನೂ ಹಾಗೆಯೇ, ಒಬ್ಬೊಬ್ಬರನ್ನಾಗಿ, ಅವರು ಹೇಳಿದ ಕಡಲು, ಬೆಟ್ಟ, ದ್ವೀಪಗಳಿಂದ ಬಂದವರನ್ನಾಗಿ ಬರೆದುಕೊಂಡಳು. ಓಟ ಮುಗಿದ ಮೇಲೆ ಕಾರುಗಳು ಹೊರಟವು. ಒಂದಾದರೂ ಕೆರೆಯನ್ನು ಬಳಸಿ ಊರಿನ ಕಡೆ ತಿರುಗೀತೆಂದು ಅವಳು ನೋಡುತ್ತ ನಿಂತಳು. ಎಲ್ಲವೂ ಹೆದ್ದಾರಿಗೆ ಹತ್ತಿ, ಧೂಳೆಬ್ಬಿಸಿಕೊಂಡು, ಒಂದು ಬಲಕ್ಕೆ ಒಂದು ಎಡಕ್ಕೆ, ತಮ್ಮ ತಮ್ಮ ಮನೆಗಳಿಗೆ ಹೋಗುವವರ ಆತುರದಲ್ಲಿ ಹೋದವು. ನೀಲಿ ಕಾರಿನ ಹಿಂದಿನ ಕಿಟಕಿಯನ್ನು ಈಗ ಯಾರೋ ಪೂರ್ತಿ ಏರಿಸಿದ್ದರು. ನೆವಿಲ್ ಟ್ರಾಂಟರ್ ಕಿಟಕಿಯಿಂದ ಕೈ ಹೊರಹಾಕಿ, "ಮುಂದಿನ ವರ್ಷ ಸಿಗೋಣ ಮೇಡಂ!" ಎಂದು ಕೂಗಿದ. ಚಿಕ್ಕಮ್ಮ ಯಾರ ಕಾರಿನಲ್ಲಿ ಕುಳಿತಳೋ ಕಾಣಲಿಲ್ಲ.

ಆ ಸಂಜೆ ಪಕ್ಕದ ಪಟ್ಟಣದ ಮೋಟೆಲಿನಲ್ಲಿ ಕುಳಿತು ಅವಳು ಎಲ್ಲ ಉತ್ತರಗಳನ್ನೂ ಕಚೇರಿಗೆ ಕಳಿಸಿದಳು. ಮರುದಿನ ಬೆಳಿಗ್ಗೆ ಮೇಲಧಿಕಾರಿಯ ಸಂದೇಶ ಬಂದಿತ್ತು: ಅದ್ಭುತ, ಇಷ್ಟು ಜನ ಹೊರಗಿನಿಂದ ಬರ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಓಟ ಉಳಿಯಿತು. ಯಾರಿಗಾಗಿ ಉಳಿಯಿತು ಎಂದು ಕೇಳುವ ಕಾಲಂ ಯಾವ ವರದಿಯಲ್ಲೂ ಇಲ್ಲ. ಹೋಗುವ ದಾರಿಯಲ್ಲದಿದ್ದರೂ ಅವಳು ಕಾರನ್ನು ಯರಾಬಿನ್ನಿನ ಒಳಗಿಂದಲೇ ಓಡಿಸಿದಳು. ಭಾನುವಾರ, ಚರ್ಚಿನ ಬಾಗಿಲು ತೆರೆದಿತ್ತು, ಒಳಗೆ ಬೆಂಚುಗಳು ಮಾತ್ರ. ಬೇಕರಿಯ ಗಾಜಿನೊಳಗೆ ನಿನ್ನೆಯ ಬ್ರೆಡ್ಡು. ಪರದೆಗಳು ಇಳಿದೇ ಇದ್ದವು. ಆಟ ಮುಗಿದದ್ದನ್ನು ಅವರಿಗೆ ಯಾರೂ ಹೇಳಿಲ್ಲವೇ ಎಂದು ಕೇಳಲು ಹಿಸ್ಲಪ್ ಮೇಷ್ಟರ ಮನೆಯ ಮುಂದೆ ಹಾರನ್ ಹೊಡೆದಳು. ಶಬ್ದ ಸೈಲೋಗಳಿಗೆ ತಾಗಿ ಅವಳ ಕಡೆಗೆ ತಿರುಗಿ ಬಂತು. ಚಿಕ್ಕಮ್ಮನ ಮನೆಯ ಮುಂದೆ ನಿಲ್ಲಿಸಲಿಲ್ಲ. ಅಲ್ಲಿ ಯಾರೂ ವಾಸವಿಲ್ಲ ಎಂದು ತನ್ನ ಕೈಯಿಂದಲೇ ಬರೆದುಕೊಂಡಿದ್ದಳಲ್ಲ.

ನಗರ ಸೇರಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಾರು ನಿಲ್ಲಿಸಿ ಇಳಿದವಳು ತಲೆಯೆತ್ತಿ ಪೂರ್ವದ ಕಿಟಕಿಯನ್ನು ನೋಡಲಿಲ್ಲ. ನೋಡಬೇಕೆನಿಸಿದರೂ, ಕುತ್ತಿಗೆ ಆ ಕಡೆ ತಿರುಗದಂತೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲ ಮುಂದೆ ನಿಂತು ಬೀಗದ ಕೈ ತೆಗೆದಳು. ಕಾಲಲ್ಲಿ ಉಪ್ಪುಕೆರೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ನಸುಗೆಂಪು, ಅಂಚಿನಲ್ಲಿ ಬಿಳಿ. ಬಗ್ಗಿ ಲೇಸುಗಳನ್ನು ಬಿಚ್ಚಿ, ಎರಡೂ ಬೂಟುಗಳನ್ನು ಕಳಚಿ, ಗೋಡೆಗೆ ಒತ್ತಿ ಜೋಡಿಸಿಟ್ಟಳು. ಬೀಗದ ಕೈಯನ್ನು ಮತ್ತೆ ಚೀಲದೊಳಗೆ ಹಾಕಿದಳು.

ಬೆಲ್ ಒತ್ತಿದಳು. ಮಂಡಿ ನೋವಿರುವ ಹೆಂಗಸೊಬ್ಬಳು ಹಿಂದಿನ ಕೋಣೆಯಿಂದ ಎದ್ದು ಬಾಗಿಲಿನವರೆಗೆ ಬರಲು ಬೇಕಾಗುವಷ್ಟು ಹೊತ್ತು, ಬರಿಗಾಲಲ್ಲಿ, ಕಾದಳು.